ಕಿಟಕಿ ಬೆಡ್ಡಿನ ಕಡೆಯವರು

ಮಾರ್ಚ್ 6

ಗುಂಡೂ,

ನಾನು ಇಲ್ಲಿ ಕ್ಷೇಮ ಎಂದು ಶುರು ಮಾಡಲು ಹೋಗಿ ಕೈ ತಡೆಯಿತು. ಈ ಪತ್ರ ಬರೆಯುತ್ತಿರುವುದು ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಿಂದ. ಓದಿದ ಕೂಡಲೇ ಎದ್ದು ಓಡಾಡಬೇಡ, ಕೂತು ಪೂರ್ತಿ ಓದು. ಕೈಕಾಲು ಮುರಿದಿಲ್ಲ, ನಾಲಿಗೆಯಂತೂ ಎಂದಿನಂತೆಯೇ ಇದೆ. ಚಳಿಗಾಲದಿಂದ ಹೊಟ್ಟೆ ಒಂದೇ ಸಮನೆ ತಕರಾರು ಮಾಡುತ್ತಿತ್ತು. ನಾನು ಅದಕ್ಕೆ ಸೊಪ್ಪು ಹಾಕಲಿಲ್ಲ. ಹೋದ ವಾರ ಶಾಲೆಯ ಯೂನಿಫಾರ್ಮಿನ ಬಟ್ಟೆ ಕತ್ತರಿಸುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತೆ, ಏಳಲು ಆಗಲಿಲ್ಲ. ಪಕ್ಕದ ಇಸ್ತ್ರಿ ಅಂಗಡಿಯವನು ಗಾಡಿ ಕರೆಸಿ ಇಲ್ಲಿಗೆ ತಂದು ಸೇರಿಸಿದ. ನನ್ನ ಹೊಲಿಗೆ ಅಂಗಡಿಯ ಬೀಗದ ಕೈ ಅವನ ಹತ್ತಿರವೇ ಇದೆ.

ನನಗೆ ಸಿಕ್ಕಿರುವುದು ಕಿಟಕಿಯ ಪಕ್ಕದ ಬೆಡ್ಡು. ಪುಣ್ಯ ಮಾಡಿದ್ದೀರಿ ಎಂದು ವಾರ್ಡಿನವರೆಲ್ಲ ಹೊಟ್ಟೆಕಿಚ್ಚುಪಡುತ್ತಾರೆ. ಕಿಟಕಿಯಿಂದ ಕಾಣುವುದು ಬಟ್ಟೆ ಒಗೆಯುವ ಶೆಡ್ಡು, ಅದರ ಮುಂದೆ ಸಾಲಾಗಿ ಒಣಹಾಕಿದ ಹಸಿರು ನಿಲುವಂಗಿಗಳು. ಅವನ್ನು ಹೊಲಿದವರು ಯಾರೋ, ಕಣ್ಣು ಮುಚ್ಚಿಕೊಂಡು ಹೊಲಿದಿದ್ದಾರೆ. ನನ್ನದರ ಒಂದು ತೋಳು ಮೊಣಕೈವರೆಗೆ, ಇನ್ನೊಂದು ಬೆರಳಿನವರೆಗೆ. ಸಿಸ್ಟರ್ ಹತ್ತಿರ ಸೂಜಿದಾರ ಕೇಳಿದೆ. "ಸೂಜಿ ನಾವು ಚುಚ್ಚೋಕೆ ಮಾತ್ರ ಇಟ್ಕೊಂಡಿರೋದು" ಎಂದು ನಕ್ಕಳು. ಒಳ್ಳೆಯ ಹುಡುಗಿ.

ನಿನಗೆ ಇಲ್ಲಿಯ ಒಂದು ಪದ್ಧತಿ ತಿಳಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಯ ಮಾತಿಗೆ ಬೆಲೆ ಬರಲಿ ಎಂದು ನೀನು ಅದೇನೋ ಕಾನೂನಿನ ಕರಡು ಬರೆಯುತ್ತಿದ್ದೀಯಲ್ಲ, ಉಪಯೋಗಕ್ಕೆ ಬಂದೀತು. ಬೆಳಗ್ಗೆ ಡಾಕ್ಟರು ಸುತ್ತು ಬರುತ್ತಾರೆ. ಸುದ್ದಿ ಒಳ್ಳೆಯದಾದರೆ ಬೆಡ್ಡಿನ ಪಕ್ಕದಲ್ಲೇ ನಿಂತು, ಎಲ್ಲರಿಗೂ ಕೇಳಿಸುವಂತೆ ಹೇಳುತ್ತಾರೆ. ಕೆಟ್ಟದಾದರೆ ರೋಗಿಯನ್ನು ನೋಡಿ ಮುಗುಳ್ನಕ್ಕು, ರೋಗಿಯ ಕಡೆಯವರನ್ನು ವರಾಂಡಕ್ಕೆ ಕರೆಯುತ್ತಾರೆ. ಹೋದವರು ಸ್ವಲ್ಪ ಹೊತ್ತಾದ ಮೇಲೆ ಮುಖ ತೊಳೆದುಕೊಂಡು ಬಂದು, ಸರಿಯಾಗಿಯೇ ಇರುವ ದಿಂಬನ್ನು ಮತ್ತೆ ಮತ್ತೆ ಸರಿಮಾಡುತ್ತಾರೆ. ರೋಗಿ ಏನಂತೆ ಎನ್ನುತ್ತಾಳೆ. ಏನೂ ಇಲ್ಲವಂತೆ ಎಂಬ ಉತ್ತರ ಬರುತ್ತದೆ. ಆಗ ಇಡೀ ವಾರ್ಡಿಗೆ ಎಲ್ಲ ಅರ್ಥವಾಗುತ್ತದೆ, ಆದರೂ ಎಲ್ಲರೂ ಬೇರೆ ಕಡೆ ನೋಡುತ್ತಾರೆ.

ನನ್ನ ಕಷ್ಟ ಏನೆಂದರೆ, ನನಗೆ ವರಾಂಡಕ್ಕೆ ಕಳಿಸಲು ಯಾರೂ ಇಲ್ಲ. ನನ್ನ ಡಾಕ್ಟರು ಕನ್ನಡಕದ ಹುಡುಗ, ನಿದ್ದೆಗೆಟ್ಟ ಮುಖ, ಆದರೆ ಕೈ ಮೃದು. ಹೊಟ್ಟೆ ಒತ್ತಿ ನೋಡುವಾಗ ನೋಯಿತಾ ಎಂದು ಕೇಳುತ್ತಾರೆ. ನಳಿಕೆ ಹಾಕಿ ನೋಡಿದರು, ಒಳಗಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ಫಲಿತಾಂಶ ಬಂದ ದಿನದಿಂದ ಒಂದೇ ಪ್ರಶ್ನೆ: "ನಿಮ್ಮ ಕಡೆಯವರು ಯಾರೂ ಬಂದಿಲ್ವಾ?"

"ಇಲ್ಲ ಸರ್. ನನಗೇ ಹೇಳಿ" ಎಂದೆ.

"ಅದೆಲ್ಲ ನಿಮಗ್ಯಾಕಮ್ಮ ತಲೆನೋವು? ನೀವು ಆರಾಮಾಗಿ ಇರಿ. ನಿಮ್ಮವರು ಬರಲಿ, ಮಾತಾಡ್ತೀನಿ" ಎಂದು ಮುಂದಿನ ಬೆಡ್ಡಿಗೆ ಹೋದರು.

ಹೊಟ್ಟೆ ನನ್ನದು, ನೋವು ನನ್ನದು, ಚೂರು ಕೊಟ್ಟವಳೂ ನಾನು. ಸುದ್ದಿ ಮಾತ್ರ ಇನ್ನೂ ಊರಿಗೆ ಬಾರದ ಯಾರೋ ನೆಂಟರದ್ದು. ನಗು ಬರುತ್ತದೆ. ಸಂಜೆ ಹೊತ್ತು ಅಷ್ಟು ಬರುವುದಿಲ್ಲ.

ನಿನ್ನ ಅಕ್ಕ


ಮಾರ್ಚ್ 13

ಅಕ್ಕಾ,

ಚಳಿಗಾಲದಿಂದ ಹೊಟ್ಟೆನೋವಂತೆ, ನನಗೆ ಮಾರ್ಚಿನಲ್ಲಿ ಪತ್ರವಂತೆ! ಹೊಸ ವರ್ಷಕ್ಕೆ ಫೋನ್ ಮಾಡಿದಾಗ ಅರ್ಧ ಗಂಟೆ ನನ್ನ ಅಂಗಿಯ ಕಾಲರಿನ ಬಗ್ಗೆ ವಿಚಾರಿಸಿಕೊಂಡೆಯಲ್ಲ, ಆಗ ಹೊಟ್ಟೆಯ ವಿಷಯ ಬಾಯಿಗೆ ಬರಲಿಲ್ಲವೇ? ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಎಂಬ ಒಂದೇ ಕಾರಣಕ್ಕೆ ಇದಕ್ಕಿಂತ ಗಟ್ಟಿಯಾಗಿ ಬೈಯುತ್ತಿಲ್ಲ.

ನಾನು ಈಗಲೇ ಹೊರಟು ಬರಬೇಕಿತ್ತು. ಆಗುತ್ತಿಲ್ಲ. ಮಸೂದೆ ಸಮಿತಿಯ ಮುಂದಿದೆ, ಒಂದೊಂದೇ ಕಲಮು ಓದಿ ಚರ್ಚೆ ನಡೆಯುತ್ತಿದೆ. ಅವರು ಬೆಳಗ್ಗೆ ಹೇಳಿದ್ದನ್ನು ನಾನು ಸಂಜೆಯೊಳಗೆ ಕಾನೂನಿನ ಭಾಷೆಗೆ ತರಬೇಕು. ಸಮಿತಿಯ ಕೋಣೆಯಲ್ಲಿ ದೊಡ್ಡ ಮೇಜಿನ ಸುತ್ತ ಸದಸ್ಯರು, ಗೋಡೆಗೆ ಒತ್ತಿಕೊಂಡ ಕುರ್ಚಿಯಲ್ಲಿ ನಾನು. ನನಗೆ ಮತವಿಲ್ಲ, ಬಾಯಿಯೂ ಇಲ್ಲ. ಕೇಳಿದರೆ ಮಾತ್ರ ಮಾತು.

ಆದರೆ ಅಕ್ಕಾ, ನಿನ್ನ ವರಾಂಡ ನಮ್ಮ ಒಂಬತ್ತನೇ ಕಲಮಿನಲ್ಲಿಯೇ ಇದೆ! "ರೋಗಿಯ ಸ್ಥಿತಿಯನ್ನು ಮೊದಲು ರೋಗಿಗೆ, ಅವರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸತಕ್ಕದ್ದು. ರೋಗಿಯ ಒಪ್ಪಿಗೆಯಿಲ್ಲದೆ ಬೇರೆ ಯಾರಿಗೂ ತಿಳಿಸತಕ್ಕದ್ದಲ್ಲ." ಹೇಗಿದೆ? ನಾನೇ ಬರೆದದ್ದು. ಆಸ್ಪತ್ರೆಯ ಆಡಳಿತ ಮಂಡಳಿಯಲ್ಲಿ ರೋಗಿಗಳಿಗೆ ಸ್ಥಾನ, ದೂರು ಕೊಟ್ಟರೆ ಉತ್ತರ ಕೊಡಲೇಬೇಕೆಂಬ ನಿಯಮ, ಇವೆಲ್ಲ ಹೇಗೋ ದಾಟಿಕೊಂಡವು. ಒಂಬತ್ತರ ಹತ್ತಿರ ಬಂದಾಗ ಎಲ್ಲರೂ ಕತ್ತು ಚಾಚಿ ಕೂತರು. ಸಮಿತಿಯಲ್ಲಿ ಒಬ್ಬರು ಹಿರಿಯ ಡಾಕ್ಟರಿದ್ದಾರೆ, ಸಜ್ಜನರು. "ಇದು ಪುಸ್ತಕದಲ್ಲಿ ಚೆನ್ನಾಗಿರುತ್ತೆ. ವಾರ್ಡಲ್ಲಿ ಹೀಗೆ ಹೇಳಿದ್ರೆ ಜನ ಎದೆ ಒಡೆದುಕೊಳ್ತಾರೆ" ಎಂದರು. ನನಗೆ ಸಿಟ್ಟು ಬಂದು ಪೆನ್ಸಿಲಿನ ಮೊನೆ ಮುರಿಯಿತು.

ಒಂದು ಕೆಲಸ ಮಾಡಲೇ? ನಾನೇ ನಿನ್ನ ಡಾಕ್ಟರಿಗೆ ಫೋನ್ ಮಾಡಿ ಕೇಳುತ್ತೇನೆ. ಕೇಳಿದ್ದನ್ನು ಕೇಳಿದ ಹಾಗೆಯೇ ನಿನಗೆ ಬರೆಯುತ್ತೇನೆ.

ನಿನ್ನ ತಮ್ಮ


ಮಾರ್ಚ್ 24

ಗುಂಡೂ,

ಫೋನ್ ಬೇಡ. ನಿನ್ನ ಮೇಲೆ ನಂಬಿಕೆ ಇಲ್ಲದೆ ಅಲ್ಲ. ಆರು ವರ್ಷದವನಿದ್ದಾಗ ನಾಯಿಮರಿ ಸತ್ತದ್ದನ್ನು ನನಗೆ ತಿಳಿಸಲಾರದೆ, ಅದು ಅಜ್ಜಿಯ ಮನೆಗೆ ಹೋಗಿದೆ ಎಂದವನು ನೀನು. ನಾನು ಎಲ್ಲಿ ಅಜ್ಜಿಯ ಮನೆಗೆ ಹೋಗಿಬಿಡುತ್ತೇನೋ ಎಂದು ಭಯ. ನನ್ನ ಒಳಗೆ ಏನಿದೆಯೋ ಅದನ್ನು ಬಲ್ಲವರು ನನ್ನ ಮುಖ ನೋಡಿ ನನಗೇ ಹೇಳಬೇಕು. ಅಷ್ಟೇ ನನ್ನ ಹಟ. ಬಟ್ಟೆ ಎಷ್ಟಿದೆ ಎಂದು ಗೊತ್ತಿಲ್ಲದೆ ಕತ್ತರಿ ಹಾಕಿ ನನಗೆ ಅಭ್ಯಾಸವಿಲ್ಲ. ಅಂಗಡಿ ಇಟ್ಟುಕೊಳ್ಳುವುದೋ ಬಿಡುವುದೋ, ಯೂನಿಫಾರ್ಮಿನ ಕೆಲಸ ಒಪ್ಪಿಕೊಳ್ಳುವುದೋ ಬೇರೆಯವರಿಗೆ ದಾಟಿಸುವುದೋ, ಎಲ್ಲ ಅದರ ಮೇಲೆ ನಿಂತಿದೆ.

ಈ ನಡುವೆ ನಾನೇ ಒಂದು ಉಪಾಯ ಮಾಡಿ ಕೆಟ್ಟೆ. ಪಕ್ಕದ ಬೆಡ್ಡಿನ ಅಜ್ಜಿಗೆ ಒಬ್ಬಳು ಸೊಸೆ ಇದ್ದಾಳೆ. ಬಸ್ಸಿನಲ್ಲಿ ಕಂಡಕ್ಟರ್ ಕೆಲಸ, ದೊಡ್ಡ ಗಂಟಲು, ಯಾರಿಗೂ ಹೆದರುವವಳಲ್ಲ. ಅತ್ತೆಯನ್ನು ಬೈಯುತ್ತ ಬೈಯುತ್ತಲೇ ಗಂಜಿ ಕುಡಿಸುತ್ತಾಳೆ, ನನಗೂ ಎರಡು ಬೈಗುಳ ಬೀಳುತ್ತವೆ. ಅವಳನ್ನು ಕರೆದು, "ನಾಳೆ ನನ್ನ ತಂಗಿ ಆಗ್ತೀಯಾ?" ಎಂದೆ.

"ಒಂದಿನಕ್ಕಾ, ಪರ್ಮನೆಂಟಾಗಾ?" ಎಂದಳು.

"ವರಾಂಡಕ್ಕೆ ಹೋಗಿ ಬರೋವರೆಗೆ."

ಅವಳಿಗೆ ಭಾರೀ ಉತ್ಸಾಹ. ಡಾಕ್ಟರು ಬಂದರು, ಎಂದಿನ ಪ್ರಶ್ನೆ ಕೇಳಿದರು, ಇವಳು ಮುಂದೆ ಬಂದು "ನಾನು ತಂಗಿ" ಎಂದಳು. ಇಬ್ಬರೂ ಹೊರಗೆ ಹೋದರು. ವಾರ್ಡಿಗೆ ವಾರ್ಡೇ ಉಸಿರು ಹಿಡಿದುಕೊಂಡು ಕೂತಿತ್ತು, ಎಲ್ಲರಿಗೂ ನಾಟಕದ ವಿಷಯ ಗೊತ್ತು. ನಾನಂತೂ ಪೆನ್ನು ಬಿಚ್ಚಿ ಹಿಡಿದುಕೊಂಡಿದ್ದೆ.

ಬಂದಳು. ಮುಖ ತೊಳೆದಿತ್ತು. ನೇರ ನನ್ನ ಬೆಡ್ಡಿಗೆ ಬಂದು ದಿಂಬು ಸರಿಮಾಡಿದಳು.

"ಏನಂತೆ?" ಎಂದೆ.

"ಏನೂ ಇಲ್ವಂತೆ ಅಕ್ಕಾ. ಸ್ವಲ್ಪ ಹುಣ್ಣಾಗಿದೆಯಂತೆ, ವಾಸಿಯಾಗುತ್ತಂತೆ."

ನಡೆಯುವ ಬಸ್ಸಿನಲ್ಲಿ ನಿಂತು ಟಿಕೆಟ್ಟಿಲ್ಲದವರನ್ನು ಮಧ್ಯದಾರಿಯಲ್ಲಿ ಇಳಿಸುವ ಹೆಂಗಸು! ನನ್ನನ್ನು ನೋಡಿದ್ದು ಹದಿನೈದು ದಿನದಿಂದ, ತಂಗಿಯಾಗಿದ್ದು ಹತ್ತು ನಿಮಿಷ. ಅಷ್ಟರಲ್ಲೇ ಅವಳಿಗೂ ಬಾಯಿ ಬರಲಿಲ್ಲ. ಆ ವರಾಂಡದಲ್ಲಿ ಏನೋ ಇದೆ ಮಾರಾಯ, ಹೋದವರೆಲ್ಲ ಹೀಗೇ ಆಗಿ ಬರುತ್ತಾರೆ. ಸಂಜೆ ಅತ್ತೆಗೆ ತಂದ ಹಣ್ಣಿನಲ್ಲಿ ಅರ್ಧ ನನಗೆ ಕೊಟ್ಟಳು, ಒಂದು ಮಾತೂ ಬೈಯಲಿಲ್ಲ. ಅದರಿಂದ ನನಗೆ ಅರ್ಧ ಸುದ್ದಿ ತಿಳಿಯಿತು. ಇನ್ನರ್ಧ ಬೇಕು.

ನಿನ್ನ ಒಂಬತ್ತನೇ ಕಲಮು ನನಗೆ ಇಷ್ಟವಾಯಿತು. ಅಜ್ಜಿಗೆ ಓದಿ ಹೇಳಿದೆ. "ಇದು ಎಂದಿನಿಂದ ಶುರುವಂತೆ?" ಎಂದು ಕೇಳಿದರು. ಬೇಗ ಮಾಡು.

ನಿನ್ನ ಅಕ್ಕ


ಏಪ್ರಿಲ್ 5

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಸಿಕ್ಕಿತು. ಉತ್ತರ ತಡವಾಯಿತು, ಕ್ಷಮಿಸು. ಇಲ್ಲಿ ಕೆಲಸ ತುಂಬ ಇದೆ. ನೀನು ಚೆನ್ನಾಗಿ ಊಟ ಮಾಡುತ್ತಿದ್ದೀಯಾ? ರಾತ್ರಿ ನಿದ್ದೆ ಬರುತ್ತದೆಯೇ? ಇಸ್ತ್ರಿ ಅಂಗಡಿಯವನ ವಿಳಾಸಕ್ಕೆ ಒಂದು ಉಣ್ಣೆಯ ಶಾಲು, ಒಂದಿಷ್ಟು ಹಣ್ಣು ಕಳಿಸಿದ್ದೇನೆ. ಅವನು ತಂದುಕೊಡುತ್ತಾನೆ. ಶಾಲು ಮೆತ್ತಗಿದೆ. ಕಿಟಕಿಯ ಪಕ್ಕ ಗಾಳಿ ಬೀಸುತ್ತದಲ್ಲ, ಹೊದ್ದುಕೊ.

ನೆನಪಿದೆಯೇ ಅಕ್ಕಾ, ನನಗೆ ದಡಾರವಾದಾಗ ನೀನು ನನ್ನ ಮಂಚದ ಪಕ್ಕದಲ್ಲೇ ಹೊಲಿಗೆ ಯಂತ್ರ ತಂದಿಟ್ಟುಕೊಂಡು ಹೊಲಿಯುತ್ತಿದ್ದೆ. ಆ ಸದ್ದು ನಿಂತರೆ ನಾನು ಎಚ್ಚರಗೊಳ್ಳುತ್ತಿದ್ದೆ. ನಿನ್ನೆ ಯಾಕೋ ಅದು ತುಂಬ ನೆನಪಾಯಿತು.

ಒಂಬತ್ತನೇ ಕಲಮಿನ ಚರ್ಚೆ ಮುಗಿಯಿತು. ಒಂದು ಚಿಕ್ಕ ವಿನಾಯಿತಿ ಸೇರಿಸಿದ್ದೇವೆ. "ತಿಳಿಸುವುದರಿಂದ ರೋಗಿಗೆ ಹಾನಿಯಾಗಬಹುದೆಂದು ವೈದ್ಯರಿಗೆ ಅನ್ನಿಸಿದಲ್ಲಿ, ರೋಗಿಯ ಹಿತದೃಷ್ಟಿಯಿಂದ, ಹತ್ತಿರದ ಸಂಬಂಧಿಗೆ ತಿಳಿಸಬಹುದು." ಹಿರಿಯ ಡಾಕ್ಟರು ಕೇಳಿದರು, ನಾನು ಬರೆದುಕೊಟ್ಟೆ. ಯೋಚಿಸಿದರೆ ಅವರು ಹೇಳುವುದರಲ್ಲೂ ಅರ್ಥವಿದೆ. ಎಲ್ಲರಿಗೂ ಒಂದೇ ಧೈರ್ಯ ಇರುವುದಿಲ್ಲ. ಕಾಯಿಲೆಯವರು ನೆಮ್ಮದಿಯಾಗಿರುವುದು ಮುಖ್ಯ.

ನೀನು ಯಾವುದಕ್ಕೂ ಚಿಂತೆ ಮಾಡಬೇಡ. ಆಪರೇಷನ್ ಎಂದರೆ ಈಗೆಲ್ಲ ಹೆದರುವಂಥದ್ದೇನೂ ಅಲ್ಲ. ತಿಂಗಳ ಕೊನೆಗೆ ರಜೆ ಕೇಳಿದ್ದೇನೆ, ಬಂದು ನಿನ್ನ ಹತ್ತಿರವೇ ಇರುತ್ತೇನೆ.

ನಿನ್ನ ಪ್ರೀತಿಯ
ತಮ್ಮ


ಏಪ್ರಿಲ್ 12

ಗುಂಡೂ,

ನಿನ್ನ ಪತ್ರ ಓದಿದೆ. ಕ್ಷಮಿಸು ಎಂದಿದ್ದೀಯ, ಪ್ರೀತಿಯ ಎಂದು ಎರಡು ಸಲ ಬರೆದಿದ್ದೀಯ, ಒಂದು ಕಡೆಯೂ ನನ್ನನ್ನು ಬೈದಿಲ್ಲ. ಕಾಗದದ ಮೇಲೆ ದಿಂಬು ಸರಿಮಾಡಿದ ಹಾಗಿತ್ತು. ಅದೂ ಅಲ್ಲದೆ ಆಪರೇಷನ್ನಿನ ಮಾತು ನನಗೆ ಇಲ್ಲಿ ಯಾರೂ ಹೇಳಿರಲಿಲ್ಲ. ನೀನು ಫೋನ್ ಮಾಡಿದ್ದೀಯ ಎಂದು ಅಲ್ಲಿಯೇ ಗೊತ್ತಾಯಿತು.

ಆ ದಿನ ಪೂರ್ತಿ ಗೋಡೆಯ ಕಡೆ ತಿರುಗಿ ಮಲಗಿದ್ದೆ. ಅಳು ಬಂತು, ಅತ್ತುಬಿಟ್ಟೆ. ಕಾಯಿಲೆಗಲ್ಲ. ಕಲಮು ಬರೆದವನೂ ಅದೇ ವರಾಂಡಕ್ಕೆ ಹೋಗಿ ಬಂದನಲ್ಲ ಎಂದು. ಅಜ್ಜಿ ತಮ್ಮ ಬೆಡ್ಡಿನಿಂದ ಕೈ ಚಾಚಿ ನನ್ನ ಬೆನ್ನು ತಟ್ಟುತ್ತಿದ್ದರು, ಕೈ ಸರಿಯಾಗಿ ಮುಟ್ಟುತ್ತಿರಲಿಲ್ಲ, ಬೆಡ್ಡಿನ ಕಬ್ಬಿಣಕ್ಕೆ ಬಳೆ ತಾಗಿ ಸದ್ದಾಗುತ್ತಿತ್ತು.

ಮಾರನೆಯ ಬೆಳಗ್ಗೆ ಎದ್ದವಳು ಒಂದು ತೀರ್ಮಾನಕ್ಕೆ ಬಂದೆ. ಸೇರಿಸುವಾಗ ಕಳಚಿಟ್ಟ ನನ್ನ ಬಟ್ಟೆಯನ್ನು ಸಿಸ್ಟರ್ ಹತ್ತಿರ ಕೇಳಿದೆ. ಬೂದು ಬಣ್ಣದ ಉದ್ದ ಕೋಟು ಗೊತ್ತಲ್ಲ, ನಾನೇ ಹೊಲಿದದ್ದು, ನೀನು ಹೆಡ್ಮಿಸ್ಟ್ರೆಸ್ ಕೋಟು ಎಂದು ಆಡಿಕೊಳ್ಳುತ್ತಿದ್ದೆಯಲ್ಲ, ಅದು. ಹಾಕಿಕೊಂಡೆ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೂದಲು ಬಾಚಿದೆ. ಹೊಲಿಯುವ ಕನ್ನಡಕ ಏರಿಸಿದೆ, ಚಪ್ಪಲಿ ಮೆಟ್ಟಿದೆ. ಸಿಸ್ಟರ್ ಬಾಯಿ ತೆರೆದು ನೋಡುತ್ತಿದ್ದಳು. "ಓಡಿ ಹೋಗ್ತಿಲ್ಲಮ್ಮ, ವರಾಂಡಕ್ಕೆ ಹೋಗಿ ಬರ್ತೀನಿ" ಎಂದೆ. ಅವಳು ಔಷಧಿಯ ಟ್ರೇ ಜೋಡಿಸತೊಡಗಿದಳು. ಎಷ್ಟು ನಿಧಾನವಾಗಿ ಜೋಡಿಸಿದಳೆಂದರೆ, ಅಷ್ಟು ಹೊತ್ತಿನಲ್ಲಿ ಒಂದು ಅಂಗಿಗೆ ಗುಂಡಿ ಹಾಕಬಹುದಿತ್ತು.

ವರಾಂಡವನ್ನು ಅಂದೇ ಮೊದಲು ಸರಿಯಾಗಿ ನೋಡಿದ್ದು. ಏನೂ ವಿಶೇಷವಿಲ್ಲ. ಒಂದು ಉದ್ದ ಬೆಂಚು, ನೀರಿನ ನಲ್ಲಿ, ಗೋಡೆಯ ಮೇಲೆ ಜನರ ಬೆನ್ನು ಒರಗಿ ಒರಗಿ ಬಿದ್ದ ಕಪ್ಪು ಪಟ್ಟಿ. ಕಡೆಯವರ ಜೊತೆ ನಾನೂ ಬೆಂಚಿನ ತುದಿಯಲ್ಲಿ ಕೂತೆ. ಡಾಕ್ಟರು ಸುತ್ತು ಮುಗಿಸಿ ಹೊರಗೆ ಬಂದರು. ಕೈಯಲ್ಲಿ ಚೀಟಿಗಳು, ಕಣ್ಣು ಚೀಟಿಯ ಮೇಲೆ.

"ಕಿಟಕಿ ಬೆಡ್ಡಿನ ಕಡೆಯವರು ಯಾರಾದ್ರೂ ಬಂದಿದ್ದೀರಾ? ಅವರು ಎಲ್ಲಿ, ಬೆಡ್ಡಲ್ಲಿ ಇರಲಿಲ್ಲ?"

"ಬಾತ್ರೂಮಿಗೆ ಹೋಗಿರಬೇಕು ಸರ್. ಅವರ ಕಡೆ ನಾನೇ" ಎಂದೆ.

ತಲೆ ಎತ್ತಿ ನನ್ನನ್ನು ನೋಡಿದರು. ಗುರುತು ಹತ್ತಲಿಲ್ಲ! "ನೀವು ಏನಾಗಬೇಕು ಅವರಿಗೆ?"

"ತುಂಬಾ ಹತ್ತಿರದವಳು."

"ಅಬ್ಬಾ, ಆ ತಂಗಿ ಒಂದಿನ ಬಂದು ಮತ್ತೆ ಪತ್ತೆಯಿಲ್ಲ, ನೀವಾದ್ರೂ ಬಂದ್ರಲ್ಲ" ಎಂದು ನನ್ನ ಪಕ್ಕ ನಿಂತು ಎಲ್ಲ ಹೇಳಿದರು. ದೊಡ್ಡ ಕರುಳಿನಲ್ಲಿ ಗಡ್ಡೆ ಇದೆ. ಕ್ಯಾನ್ಸರ್. ಬೇರೆ ಕಡೆ ಹರಡಿದ ಹಾಗೆ ಕಾಣುವುದಿಲ್ಲ, ಕತ್ತರಿಸಿ ತೆಗೆಯಬಹುದು. ತೆಗೆದ ಮೇಲೆ ಅದನ್ನೂ ಸುತ್ತಲಿನ ಗಂಟುಗಳನ್ನೂ ಪರೀಕ್ಷೆ ಮಾಡಿದರೇ ಪೂರ್ತಿ ಗೊತ್ತಾಗುವುದು. ಹೊಟ್ಟೆಯ ಪಕ್ಕದಲ್ಲಿ ತೂತು ಮಾಡಿ, ಮಲ ಹೋಗಲು ಒಂದು ಚೀಲ ಅಂಟಿಸಬೇಕಾಗಬಹುದು, ಕೆಲವು ತಿಂಗಳೋ, ಯಾವಾಗಲೂ ಇರುವಂತೆಯೋ. ಎಲ್ಲವನ್ನೂ ಎಷ್ಟು ಚೆನ್ನಾಗಿ, ಬಿಡಿಸಿ ಬಿಡಿಸಿ ಹೇಳಿದರು ಗೊತ್ತಾ! ಹೇಳಲು ಬಾರದ ಮನುಷ್ಯನಲ್ಲ.

"ಅವರ ತಮ್ಮನೂ ಫೋನ್ ಮಾಡಿದ್ರು. ಅವರು ಒಪ್ಪಿದಾರೆ. ಹುಣ್ಣಿಗೆ ಸಣ್ಣ ಆಪರೇಷನ್ ಅಂತಷ್ಟೇ ಹೇಳೋದು, ಚೀಲದ ವಿಷಯ ಆಮೇಲೆ ನೋಡ್ಕೊಳ್ಳೋಣ ಅಂದ್ರು. ನೀವೂ ಅವರಿಗೆ ಏನೂ ಹೇಳ್ಬೇಡಿ. ಧೈರ್ಯ ಕೆಡ್ತಾರೆ."

ನಾನು ಕನ್ನಡಕ ತೆಗೆದೆ. "ಅವರಿಗೆ ಈಗ ತಾನೇ ನೀವೇ ಹೇಳಿದ್ರಲ್ಲ ಸರ್" ಎಂದೆ.

ಪಾಪ, ಆ ಹುಡುಗನ ಮುಖ ನೋಡಬೇಕಿತ್ತು. ಬೆಂಚಿನ ಮೇಲೆ ಕುಸಿದು ಕೂತರು. ಇಷ್ಟು ದಿನ ನನ್ನ ಹೊಟ್ಟೆ ನೋಡಿದ್ದರು, ಮುಖ ನೋಡಿರಲಿಲ್ಲ. ಅದಕ್ಕೆ ನಾನು ಅವರನ್ನು ಬೈಯುವ ಹಾಗೂ ಇಲ್ಲ. ನನ್ನ ಗಿರಾಕಿಗಳನ್ನು ನಾನು ಗುರುತು ಹಿಡಿಯುವುದು ಭುಜದಿಂದ, ಮುಖ ಎಷ್ಟೋ ಜನರದ್ದು ಇವತ್ತಿಗೂ ನೆನಪಿಲ್ಲ. "ನೀವು ಚೆನ್ನಾಗಿ ಹೇಳಿದ್ರಿ, ನನಗೆಲ್ಲ ಅರ್ಥವಾಯ್ತು. ನಾನು ಬಿದ್ದೆನಾ? ಇಲ್ಲವಲ್ಲ" ಎಂದು ನಾನೇ ಸಮಾಧಾನ ಮಾಡಬೇಕಾಯಿತು.

ಆಮೇಲೆ ನನ್ನ ಪ್ರಶ್ನೆಗಳನ್ನೆಲ್ಲ ಕೇಳಿದೆ. ಚೀಲ ಇಟ್ಟುಕೊಂಡು ಯಂತ್ರ ತುಳಿಯಬಹುದೇ? ಬಗ್ಗಿ ಬಟ್ಟೆ ಕತ್ತರಿಸಬಹುದೇ? ಅದು ಎಲ್ಲಿ ಬರುತ್ತದೆ, ಸೊಂಟದ ಪಟ್ಟಿಯ ಮೇಲೋ ಕೆಳಗೋ? ಕೊನೆಯದನ್ನು ಮಾತ್ರ ವಿಚಾರಿಸಿಕೊಂಡು ಬರುತ್ತೇನೆ ಎಂದರು. ಆಪರೇಷನ್ ಮಾಡುವವರನ್ನು ಕೇಳಿ ಮಾರನೆಯ ದಿನ ಬಂದು, ಪೆನ್ನಿನಿಂದ ನನ್ನ ಹೊಟ್ಟೆಯ ಮೇಲೆ ಗುರುತು ಹಾಕಿ ತೋರಿಸಿದರು. ನಾನು ಕೂತು, ನಿಂತು, ಬಗ್ಗಿ ನೋಡಿ, ಎರಡು ಬೆರಳು ಮೇಲೆ ಇದ್ದರೆ ನನ್ನ ಕೆಲಸಕ್ಕೆ ಅನುಕೂಲ ಎಂದೆ. ಆಗಬಹುದು ಎಂದರು. ನೋಡು, ಕೇಳಿದ್ದಕ್ಕೆ ಎರಡು ಬೆರಳು ಮೇಲೆ ಬಂತು. ನೀವಿಬ್ಬರೂ ಸೇರಿ ಗುಟ್ಟು ಮಾಡಿದ್ದರೆ ನಾನು ಎಚ್ಚರವಾದ ಮೇಲೆ ಅದನ್ನು ಮುಟ್ಟಿ ನೋಡಿ ಚೀರಬೇಕಿತ್ತು.

ಆಪರೇಷನ್ನಿಗೆ ಒಪ್ಪಿದ್ದೇನೆ. ತಿಂಗಳ ಕೊನೆಗೆ. ಸಹಿ ನನ್ನದು.

ನಿನ್ನ ಮೇಲೆ ಸಿಟ್ಟಿದೆ. ಇಲ್ಲ ಎನ್ನುವುದಿಲ್ಲ. ಆದರೆ ನನ್ನ ಸಿಟ್ಟು ಆರಬೇಕೆಂದರೆ ಶಾಲು ಸಾಲದು. ಆ ವಿನಾಯಿತಿ ತೆಗೆಸು. ನೀನು ಅದನ್ನು ಬರೆದದ್ದು ಕಾನೂನಿಗಲ್ಲ, ನಿನ್ನ ಎದೆಬಡಿತಕ್ಕೆ. ಈ ಪತ್ರವನ್ನು ಬೇಕಾದರೆ ನಿಮ್ಮ ದೊಡ್ಡ ಮೇಜಿನ ಮುಂದೆ ಓದು, ನನ್ನ ಒಪ್ಪಿಗೆ ಇದೆ. ಕೇಳಿದೆಯಾ, ಒಪ್ಪಿಗೆ ಎಂದರೆ ಹೀಗೆ.

ಅಕ್ಕ


ಏಪ್ರಿಲ್ 20

ಅಕ್ಕಾ,

ನಾನು ಫೋನ್ ಮಾಡಿದ್ದು ನಿಜ. ಕೇಳಿ ನಿನಗೆ ಬರೆಯುತ್ತೇನೆ ಎಂದುಕೊಂಡೇ ಮಾಡಿದೆ. ಆ ಪದ ಕಿವಿಗೆ ಬಿದ್ದ ಮೇಲೆ ನಾನು ಕಾನೂನು ಬರೆಯುವವನಾಗಿ ಉಳಿಯಲಿಲ್ಲ, ದಡಾರದ ಹುಡುಗನಾದೆ. ಯಂತ್ರದ ಸದ್ದು ನಿಂತರೆ ಹೇಗೆ ಎಂಬುದೊಂದೇ ತಲೆಯಲ್ಲಿತ್ತು. ನಿನ್ನ ಧೈರ್ಯ ಕೆಡುತ್ತದೆ ಎಂದು ನಿನ್ನ ಡಾಕ್ಟರಿಗೆ ಹೇಳಿದೆ. ಕೆಟ್ಟದ್ದು ನನ್ನದು.

ನಿನ್ನ ಪತ್ರವನ್ನು ಸಮಿತಿಯಲ್ಲಿ ಓದಿದೆ. ಗೋಡೆ ಪಕ್ಕದ ಕುರ್ಚಿಯಿಂದ ಎದ್ದು ಅಧ್ಯಕ್ಷೆಯ ಅಪ್ಪಣೆ ಕೇಳಿದಾಗ ಎಲ್ಲರಿಗೂ ಆಶ್ಚರ್ಯ. ಕರಡು ಬರೆಯುವವರು ಹಾಗೆ ಏಳುವ ರೂಢಿಯಿಲ್ಲ. ಯಾರ ಪತ್ರ ಎಂದು ಹೇಳಲಿಲ್ಲ, ಒಬ್ಬ ರೋಗಿಯದು ಎಂದಷ್ಟೇ ಹೇಳಿ, ನನಗೆ ಬರೆದದ್ದು ಎಂದು ಗೊತ್ತಾಗುವ ಸಾಲುಗಳನ್ನು ಬಿಟ್ಟು ಓದಿದೆ. ನೀನು ಕೋಟು ಹಾಕಿಕೊಳ್ಳುವಲ್ಲಿ ನಗು ಶುರುವಾಯಿತು. ಕನ್ನಡಕ ತೆಗೆಯುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಎರಡು ಬೆರಳಿನ ಮಾತು ಬಂದಾಗ ಹಿರಿಯ ಡಾಕ್ಟರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ಓದಿ ಮುಗಿಸಿದೆ. ಅವರೇ ಮೊದಲು ಮಾತಾಡಿದರು. "ಆ ತಮ್ಮ ಯಾರು? ಅವನನ್ನ ಕರೆಸಿ ಕೇಳ್ಬೇಕು, ಯಾಕಪ್ಪಾ ಹಾಗೆ ಮಾಡ್ದೆ ಅಂತ."

"ನಾನೇ ಸರ್" ಎಂದೆ.

ಅವರು ಮುಂದಿದ್ದ ಕರಡನ್ನು ಪಕ್ಕಕ್ಕೆ ಸರಿಸಿದರು. "ನನ್ನ ಹೆಂಡತಿಗೆ ಕಾಯಿಲೆ ಬಂದಾಗ ನಾನೂ ಹೇಳಿರಲಿಲ್ಲ" ಎಂದರು. ಅಧ್ಯಕ್ಷೆ ನೀರು ತರಿಸಿದರು.

ವಿನಾಯಿತಿ ಹೋಯಿತು ಅಕ್ಕಾ. ಅದರ ಜಾಗಕ್ಕೆ ಬೇರೊಂದು ಸಾಲು ಬಂದಿದೆ, ಹಿರಿಯರೇ ಬಾಯಲ್ಲಿ ಹೇಳಿ ಬರೆಸಿದರು: "ತನಗೆ ತಿಳಿಸಬೇಡಿ ಎಂದು ರೋಗಿಯೇ ಕೇಳಿಕೊಂಡಲ್ಲಿ ಮಾತ್ರ, ರೋಗಿ ಹೆಸರಿಸಿದವರಿಗೆ ತಿಳಿಸತಕ್ಕದ್ದು." ಕೆಲವರು ಒಪ್ಪಲಿಲ್ಲ. ಸದನದಲ್ಲಿ ಇನ್ನೂ ಜಗಳವಿದೆ, ಮಳೆಗಾಲದ ಅಧಿವೇಶನದ ಹೊತ್ತಿಗೆ ಏನಾಗುತ್ತದೋ ತಿಳಿಯದು. ಸಮಿತಿಯಿಂದಂತೂ ಹೀಗೇ ಹೊರಟಿದೆ.

ಶನಿವಾರದ ರೈಲಿಗೆ ಹೊರಡುತ್ತೇನೆ. ಬೈಯುವುದನ್ನು ಕೂಡಿಟ್ಟುಕೊಂಡಿರು. ಪ್ರೀತಿಯ ಎಂದು ಈ ಸಲ ಬರೆದಿಲ್ಲ, ಗಮನಿಸು.

ನಿನ್ನ ತಮ್ಮ


ಜೂನ್ 3

ಗುಂಡೂ,

ನೀನು ಹೋದ ಮೇಲೆ ಬೆಡ್ಡಿನ ಪಕ್ಕದ ಸ್ಟೂಲು ಖಾಲಿ ಇದೆ. ಅಜ್ಜಿಯ ಸೊಸೆ ಬಂದಾಗ ಅದರ ಮೇಲೆ ಕಾಲಿಟ್ಟುಕೊಂಡು ಕೂರುತ್ತಾಳೆ. ಅವಳು ಈಗ ನನ್ನನ್ನು ಮೊದಲಿನ ಹಾಗೆ ಬೈಯುತ್ತಾಳೆ. ನನಗೆ ಹಿತವಾಗಿದೆ. ಅಂದು ವರಾಂಡದಲ್ಲಿ ಕೇಳಿದ್ದನ್ನು ಹೇಳದೆ ಹೋದದ್ದಕ್ಕೆ ಒಂದು ದಿನ ತಾನೇ ಅತ್ತಳು. "ಟಿಕೆಟ್ ಕೊಡೋದು ಬೇರೆ ಅಕ್ಕಾ, ಇದು ಬೇರೆ" ಎಂದಳು.

ಗಾಯ ಒಣಗಿದೆ. ಚೀಲ ಎರಡು ಬೆರಳು ಮೇಲೆಯೇ ಇದೆ, ಕೊಟ್ಟ ಮಾತು ಉಳಿಸಿಕೊಂಡಿದ್ದಾರೆ. ಮೊದಲ ವಾರ ಅದರ ಮೇಲೆ ಅಸಹ್ಯಪಟ್ಟೆ, ಮುಚ್ಚುಮರೆ ಏಕೆ. ಈಗ ಅದಕ್ಕೊಂದು ಹತ್ತಿಬಟ್ಟೆಯ ಹೊದಿಕೆ ಹೊಲಿದಿದ್ದೇನೆ, ಸಿಸ್ಟರ್ ಕೊನೆಗೂ ಸೂಜಿ ಕೊಟ್ಟಳು. ಆಚೆ ವಾರ್ಡಿನ ಇಬ್ಬರು ತಮಗೂ ಬೇಕು ಎಂದು ಅಳತೆ ಕೊಟ್ಟು ಹೋಗಿದ್ದಾರೆ. ನನ್ನ ನಿಲುವಂಗಿಯ ತೋಳನ್ನೂ ಸರಿಮಾಡಿಕೊಂಡೆ.

ಕತ್ತರಿಸಿ ತೆಗೆದ ಗಡ್ಡೆಯ ಪರೀಕ್ಷೆಯ ರಿಪೋರ್ಟು ಅಂತೂ ನಿನ್ನೆ ಬಂತು.

ಡಾಕ್ಟರು ಸುತ್ತು ಬಂದರು. ಅಭ್ಯಾಸಬಲ ನೋಡು, ಖಾಲಿ ಸ್ಟೂಲು ನೋಡಿ "ನಿಮ್ಮ ಕಡೆ" ಎಂದವರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಆ ಸ್ಟೂಲನ್ನೇ ಎಳೆದುಕೊಂಡು ಕೂತರು. ಚೀಟಿ ಮಡಿಚಿ ಜೇಬಿಗಿಟ್ಟರು. ನನ್ನ ಮುಖ ನೋಡಿದರು. "ರಿಪೋರ್ಟ್ ಬಂದಿದೆ. ಹೇಳ್ಲಾ?" ಎಂದರು.

"ಹೇಳಿ" ಎಂದೆ.

ಮೆಲ್ಲಗೆ ಹೇಳಿದರು, ನನ್ನೊಬ್ಬಳಿಗೇ ಕೇಳುವಷ್ಟು. ಪಕ್ಕದ ಅಜ್ಜಿ ಕಿವಿ ಇಲ್ಲಿಟ್ಟಿದ್ದರೂ ಅವರಿಗೆ ಏನೂ ಸಿಗಲಿಲ್ಲ, ಇವತ್ತಿಗೂ ಮುನಿಸು. ಹೇಳಿ ಮುಗಿಸಿ, "ನಿಮ್ಮ ತಮ್ಮನಿಗೆ ನಾನೇ ಫೋನ್ ಮಾಡ್ಲಾ?" ಎಂದು ಕೇಳಿದರು. ಬೇಡ, ಅದು ನನ್ನ ಸುದ್ದಿ, ನಾನೇ ತಿಳಿಸುತ್ತೇನೆ ಎಂದೆ.

ತಿಳಿಸೋಣ ಎಂದೇ ಕೂತವಳು ಇಷ್ಟು ಬರೆಯುವಷ್ಟರಲ್ಲಿ ಮನಸ್ಸು ಬದಲಾಯಿಸಿದೆ. ಮೊದಲ ಸಲ ನನ್ನ ವಿಷಯ ಎಲ್ಲರಿಗಿಂತ ಮುಂಚೆ ನನಗೆ ಗೊತ್ತಾಗಿದೆ. ನೀನು ಬರುವವರೆಗೆ ಅದು ನನ್ನ ಹತ್ತಿರವೇ ಇರಲಿ. ನಿನ್ನ ಮುಖ ನೋಡಿಕೊಂಡು ಹೇಳಬೇಕೆಂಬ ಆಸೆ. ನೀನು ಇಲ್ಲಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ರೋಗಿಯ ಒಪ್ಪಿಗೆಯಿಲ್ಲದೆ ಹೇಳುವುದಿಲ್ಲ ಎನ್ನುತ್ತಾರೆ. ನಿನ್ನ ಕಾನೂನು ಇನ್ನೂ ಸದನದಲ್ಲಿ ಜಗಳವಾಡುತ್ತಿರಬಹುದು, ಈ ವಾರ್ಡಿನಲ್ಲಿ ಆ ಹುಡುಗ ಅದನ್ನು ಆಗಲೇ ಪಾಲಿಸುತ್ತಿದ್ದಾನೆ.

ಬರುವಾಗ ನೀಲಿ ದಾರ ತಾ, ಯೂನಿಫಾರ್ಮಿನದು. ಮೂಲೆಯ ಅಂಗಡಿಯಲ್ಲಿ ಸಿಗುವ ಚಿಕ್ಕ ಉಂಡೆ ಬೇಡ, ದೊಡ್ಡ ರೀಲು ನೋಡಿ ತೆಗೆದುಕೋ. ಈ ವರ್ಷಕ್ಕೆ ಮಾತ್ರ ಆಗುವಷ್ಟಲ್ಲ, ಮುಂದಿನ ವರ್ಷಕ್ಕೂ, ಅದರ ಮುಂದಿನ ವರ್ಷಕ್ಕೂ ಸಾಲುವಷ್ಟು ತಾ. ಯಾಕೆ ಎಂದು ಬಂದ ಮೇಲೆ ಹೇಳುತ್ತೇನೆ.

ನಿನ್ನ ಅಕ್ಕ